ಉದುರಿದ ಅಕ್ಷರ, ಉಕ್ಕಿದ ಹಾಲು

ನಮ್ಮ ಊರಿನಲ್ಲಿ ಅಕ್ಷರಗಳು ವರ್ಷಕ್ಕೊಮ್ಮೆ ಉದುರುತ್ತವೆ. ಚಳಿ ಹಿಂಜರಿದು ಸುಣ್ಣದ ಭಟ್ಟಿಗಳ ಹೊಗೆ ನೆಟ್ಟಗೆ ಮೇಲೇರತೊಡಗಿದ ಮೇಲೆ, ಒಂದು ಬೆಳಗ್ಗೆ, ಕಾಗದದಿಂದ, ಅಂಗಡಿಯ ಹಲಗೆಯಿಂದ, ಸಮಾಧಿಯ ಶಿಲುಬೆಯಿಂದ, ಎಲ್ಲೆಲ್ಲಿ ಏನೇನು ಬರೆದಿದೆಯೋ ಅಲ್ಲಿಂದೆಲ್ಲ ಅವು ಕರಿಎಳ್ಳಿನಂತೆ ಕೆಳಗೆ ಸುರಿಯುತ್ತವೆ. ಹೆಂಗಸರು ಹಿಡಿಸೂಡಿಯಿಂದ ಗುಡಿಸಿ, ಮೊರಕ್ಕೆ ತುಂಬಿ, ಬದನೆಗಿಡದ ಬುಡಕ್ಕೆ ಹಾಕುತ್ತಾರೆ. ಕೋಳಿಗಳೂ ಕುಕ್ಕುತ್ತವೆ, ವಕೀಲರ ಮನೆಯ ಅಕ್ಷರವನ್ನು ಮಾತ್ರ ಮೂಸಿ ಬಿಟ್ಟುಬಿಡುತ್ತವೆ ಎಂದು ಕೇಳಿದ್ದೇನೆ. ಹೊರಗಿನಿಂದ ಹೊಸ ಪುಸ್ತಕ ತರಿಸಿದರಾಯಿತು ಎನ್ನುವವರು ನಮ್ಮ ಗಡಿಕಲ್ಲನ್ನು ಕಂಡವರಲ್ಲ. ಅದನ್ನು ದಾಟಿದ ಕ್ಷಣವೇ ಹೊರಗಿನ ಬರಹವೆಲ್ಲ ಬೋಳಾಗುತ್ತದೆ. ಇಲ್ಲಿ ಏನನ್ನಾದರೂ ಬರೆಯಬೇಕಾದರೆ ಅದು ಇಲ್ಲಿಯವರ ಬಾಯಿಂದಲೇ ಬರಬೇಕು. ಇದರಿಂದ ಸುಣ್ಣ ಸುಡುವವರಿಗೆ ತೊಂದರೆಯಿಲ್ಲ, ಮೀನು ಮಾರುವವರಿಗೆ ತೊಂದರೆಯಿಲ್ಲ. ತೊಂದರೆಯಿರುವುದು ದೇವಗ್ರಂಥಕ್ಕೆ; ಇನ್ನೂ ಸರಿಯಾಗಿ ಹೇಳುವುದಾದರೆ, ದೇವಗ್ರಂಥದ ಯಜಮಾನಿಕೆ ತಮ್ಮದೆಂದು ತಿಳಿದವರಿಗೆ.

ನಾನು ಈ ಊರಿನ ಲಿಪಿಕಾರ. ಇಗರ್ಜಿಯಲ್ಲಿ ಜ್ಞಾನಸ್ನಾನ ಪಡೆದವನು. ಯೌವನವನ್ನು ಗುರುಮಠದಲ್ಲಿ ಲತೀನು ಗ್ರೀಕುಗಳಿಗೆ ತೆತ್ತವನು. ಅನಂತರ ಒಬ್ಬ ವೃದ್ಧ ಜೈನ ಉಪಾಧ್ಯಾಯರ ಜಗಲಿಯಲ್ಲಿ ಕೂತು ಹಳಗನ್ನಡ ಛಂದಸ್ಸನ್ನು ಕಲಿತವನು. ಪ್ರಾತಃಕಾಲದ ಜಪವನ್ನು ಈಗಲೂ ಲತೀನಿನಲ್ಲಿಯೇ ಮಾಡುತ್ತೇನೆ. ದೇವರಲ್ಲಿ ನನಗೆ ಸಂದೇಹ ಹುಟ್ಟಿದ್ದಿಲ್ಲ. ದೇವರ ಪರವಾಗಿ ಮಾತಾಡುವವರ ವ್ಯಾಕರಣದಲ್ಲಿ ಮಾತ್ರ ಆಗಾಗ ಹುಟ್ಟುತ್ತದೆ.

ನಮ್ಮ ಕ್ರೈಸ್ತರಲ್ಲಿ ಇಗರ್ಜಿಯವರು, ಸಭೆಯವರು ಎಂದು ಎರಡು ಪಂಗಡ. ಇಗರ್ಜಿಯವರು ತಮ್ಮನ್ನು ಧರ್ಮಸಭೆ ಎಂದು ಕರೆದುಕೊಂಡು ಪೋಪರನ್ನೂ ಪರಂಪರೆಯನ್ನೂ ಒಪ್ಪುತ್ತಾರೆ, ಸಭೆಯವರು ಗ್ರಂಥವೊಂದನ್ನೇ. ಆದರೆ ಇವರು ಒಡೆಯುವುದಕ್ಕೆ ಬಹಳ ಹಿಂದೆಯೇ, ಗ್ರಂಥವನ್ನು ತುಂಡು ತುಂಡಾಗಿ ಮನೆಗಳಿಗೆ ಚೀಟಿಯೆತ್ತಿ ಹಂಚಿಯಾಗಿತ್ತು. ಅದಕ್ಕೆ ಬಾಯಿಪಾಲು ಎನ್ನುತ್ತಾರೆ. ಪ್ರತಿ ಮನೆಯೂ ತನ್ನ ಬಾಯಿಪಾಲನ್ನು ತಲೆಮಾರಿನಿಂದ ತಲೆಮಾರಿಗೆ ಕಂಠಸ್ಥವಾಗಿ ಕಾಯಬೇಕು, ಅಕ್ಷರ ಉದುರಿದ ಮೇಲೆ ಬರವಣಿಗೆಯ ಚಾವಡಿಗೆ ಬಂದು ಒಪ್ಪಿಸಬೇಕು. ನಾನು ಬರೆದುಕೊಂಡು ಎರಡು ಪ್ರತಿ ಮಾಡಿ ಒಂದನ್ನು ಇಗರ್ಜಿಗೆ, ಒಂದನ್ನು ಸಭೆಗೆ ಕೊಡುತ್ತೇನೆ. ಸಭೆಯವರು ತಮ್ಮ ಪ್ರತಿಯಿಂದ ಏಳು ಪುಸ್ತಕಗಳನ್ನು ಹೊಲಿಗೆ ಬಿಚ್ಚಿ ಹೊರಗಿಡುತ್ತಾರೆ; ಅವು ದೈವಪ್ರೇರಿತವಲ್ಲವಂತೆ. ಇಗರ್ಜಿಯವರು ಇಟ್ಟುಕೊಳ್ಳುತ್ತಾರೆ, ಓದುವುದಿಲ್ಲ. ಚಾವಡಿಯ ಕಟ್ಟಳೆಗಳು ಸರಳ. ತೆರೆದ ಬಾಯಿ ಪಾಲು ಮುಗಿಯುವ ತನಕ ನಿಲ್ಲಬಾರದು. ಲಿಪಿಕಾರ ಕೇಳಿದ್ದನ್ನು ಬರೆಯಬೇಕೇ ಹೊರತು ತಾನಾಗಿ ಬಾಯಿ ಹಾಕಬಾರದು. ತಪ್ಪಿದೆಯೆನಿಸಿದರೆ, ಒಪ್ಪಿಸಿದವರ ಪಂಗಡದ ಗುರು ಎದ್ದುನಿಂತು ತಿದ್ದುಪಡಿ ಕೇಳಬಹುದು. ಆಗ ತಿದ್ದುವ ಹಕ್ಕು ಆ ಪಾಲು ಯಾವ ಮನೆಯದೋ ಆ ಮನೆಯವರಿಗೆ ಮಾತ್ರ.

ಹಿಂದಿನವರು ಚೀಟಿಯೆತ್ತುವಾಗ ಮುಂದಿನವರ ಜಗಳವನ್ನು ಊಹಿಸಿರಲಿಲ್ಲ. ಆದ್ದರಿಂದ, ನಂಬಿಕೆಯಿಂದಲೇ ಮನುಷ್ಯ ನೀತಿವಂತನೆನಿಸುವನೆಂದು ಸಭೆಯವರು ಯಾವ ಪತ್ರವನ್ನು ಎದೆಗೊತ್ತಿಕೊಂಡು ಹೇಳುತ್ತಾರೋ, ಅಪೊಸ್ತಲನು ರೋಮಾಪುರದವರಿಗೆ ಬರೆದ ಆ ಪತ್ರ ಇಗರ್ಜಿಯ ಬ್ಯಾಂಡ್‌ಮಾಸ್ತರ್ ಇನಾಸರ ಮನೆಯ ಪಾಲಾಗಿತ್ತು. ಸತ್ತವರಿಗಾಗಿ ಪ್ರಾರ್ಥಿಸುವುದಕ್ಕೆ ಇಗರ್ಜಿಯವರು ಆಧಾರವೆಂದು ತೋರಿಸುವ, ಆ ಏಳರಲ್ಲೊಂದಾದ ಮಕ್ಕಬಿಯರ ಪುಸ್ತಕ, ಸತ್ತವರ ಹೆಸರೆತ್ತಿದರೆ ಮುಖ ತಿರುಗಿಸುವ ಸಭೆಯ ಹೆಡ್‌ಮಿಸ್ಟ್ರೆಸ್ ಹೆಫ್ಸಿಬಾ ಟೀಚರರ ಪಾಲಾಗಿತ್ತು. ಇಬ್ಬರ ಮನೆಗಳಿಗೂ ನಡುಗೋಡೆ ಒಂದೇ. ಇನಾಸರಿಗೆ ಹೆಂಡತಿ ತೀರಿಕೊಂಡು ಬಹುಕಾಲವಾಗಿತ್ತು, ಮಕ್ಕಳಿರಲಿಲ್ಲ. ಟೀಚರು ಮದುವೆಯಾಗಿರಲಿಲ್ಲ, ಊರಿನ ಅರ್ಧದಷ್ಟು ಗಂಡಸರಿಗೆ ಮಗ್ಗಿ ಕಲಿಸುತ್ತ ಕಿವಿ ಹಿಂಡಿದ ಮೇಲೆ ಅವರಲ್ಲೊಬ್ಬನನ್ನು ಗೌರವಿಸುವುದು ಕಷ್ಟವೆಂದು ಅವರೇ ಒಮ್ಮೆ ಹೇಳಿದ್ದರು.

ದಿನವೂ ಮುಂಜಾನೆ ಪೂಜೆಗೆ ಹೋಗುವಾಗ ನಾನು ಅವರ ಬಾಗಿಲುಗಳ ಮುಂದೆಯೇ ಹಾದುಹೋಗುತ್ತಿದ್ದೆ. ಇಬ್ಬರೂ ಅದೇ ಹೊತ್ತಿಗೆ ತಮ್ಮ ತಮ್ಮ ಪಾಲನ್ನು ಗಟ್ಟಿಯಾಗಿ ಒಪ್ಪಿಸಿಕೊಳ್ಳುತ್ತಿದ್ದರು. ಇನಾಸರದು ಮದುವೆಯ ದಿಬ್ಬಣದ ಲಯ, ಟೀಚರದು ಹಾಜರಿ ಕರೆಯುವ ಧಾಟಿ. ಇನಾಸರು ಪತ್ರದ ನಡುಭಾಗದ ಆ ಮಹೋನ್ನತ ಸ್ಥಳಕ್ಕೆ, ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದವುಗಳನ್ನೆಲ್ಲ ಅಪೊಸ್ತಲನು ಒಂದೊಂದಾಗಿ ಹೆಸರಿಸುವ ಸ್ಥಳಕ್ಕೆ ಬರುವ ವೇಳೆಗೆ ಸರಿಯಾಗಿ ಗೋಡೆಯಾಚೆಯಿಂದ ಹಾಲು ಸೀದ ವಾಸನೆ ಬರುತ್ತಿತ್ತು. ಅವರು ಲಯ ಬಿಡದೆ ಕೂಗುತ್ತಿದ್ದರು: “ಟೀಚರೇ, ಹಾಲು ಉಕ್ಕಿತು, ಒಲೆ ನೋಡಿ.” ಟೀಚರು ತಮ್ಮ ಪುಸ್ತಕದಲ್ಲಿ ಯುದ್ಧ ಮುಗಿದು, ಮಡಿದ ಸೈನಿಕರಿಗಾಗಿ ಬದುಕುಳಿದವರು ಪ್ರಾರ್ಥಿಸುವ ಸ್ಥಳಕ್ಕೆ ಬಂದಾಗ ಇನಾಸರ ಬೆಕ್ಕು ಅವರ ಮೀನಿನ ಬುಟ್ಟಿಗೆ ಬಂದಿರುತ್ತಿತ್ತು. “ಇನಾಸರೇ, ನಿಮ್ಮ ಬೆಕ್ಕು ಮೀನಿಗೆ ಬಾಯಿ ಹಾಕಿತು, ಕರೆಯಿರಿ.” ಇಷ್ಟನ್ನು ಬಿಟ್ಟರೆ ಆ ಇಬ್ಬರ ನಡುವೆ ನಾನು ಬೇರೆ ಸಂಭಾಷಣೆ ಕೇಳಿದವನಲ್ಲ.

ಹೀಗಿರುವಾಗ ಇಗರ್ಜಿಗೂ ಸಭೆಗೂ ಒಂದೇ ವರ್ಷ ಹೊಸಬರು ಬಂದರು. ಮೊದಲು ಬಂದವರು ಸಭೆಯ ರೆವರೆಂಡ್ ಎಲೀಹು. ಗ್ರಂಥ ಉದುರುವುದು ಇಲ್ಲಿಯವರ ಅವಿಶ್ವಾಸದಿಂದ ಎಂದು ಅವರ ನಿಶ್ಚಯ. ಬರುವಾಗ ಅಚ್ಚಿನ ಸತ್ಯವೇದವೊಂದನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು, ಸಂದಿಗೆಲ್ಲ ಅರಗು ಸುರಿದು, ಮೊದಲ ಭಾನುವಾರ ಸಭೆಯೆದುರಿಗೇ ಅದನ್ನು ಒಡೆದರು. ದೇವರ ವಾಕ್ಯ ಸ್ಥಿರವೆಂದು ಸಾರುತ್ತ ಪುಸ್ತಕವನ್ನು ಎರಡು ಕೈಯಿಂದ ಎತ್ತಿ ತೆರೆದಾಗ ಅಕ್ಷರಗಳೆಲ್ಲ ಅವರ ನಿಲುವಂಗಿಯ ಮೇಲೆ ಸುರಿದವು. ಮುಂದಿನ ಬೆಂಚಿನಲ್ಲಿದ್ದ ಮುದುಕಿಯೊಬ್ಬಳು ಎದ್ದು, “ಎಲ್ಲರಿಗೂ ಆಗ್ತದೆ ಅಯ್ನೋರೆ, ಬೇಜಾರು ಮಾಡ್ಬೇಡಿ. ಹಾಗೇ ನಿಲ್ಲಿ, ಸೂಡಿ ತರ್ತೇನೆ” ಎಂದಳು.

ಇಗರ್ಜಿಯವರು ಇದನ್ನು ಕೇಳಿ ನಕ್ಕ ನಗು ಹೆಚ್ಚು ದಿನ ಬಾಳಲಿಲ್ಲ. ಅವರ ಹೊಸ ಫಾದರ್ ಬೊನಿಫಾಸ್ ಬಿಷಪರ ನೇಮಕದ ಪತ್ರವನ್ನು ಮೊಹರು ಸಮೇತ ಹಿಡಿದು ಬಂದರು. ಪೀಠದಿಂದ ಅದನ್ನು ಬಿಚ್ಚಿ ಜನರಿಗೆ ತೋರಿಸಿದಾಗ ಅದು ಬಿಳಿಯ ಹಾಳೆ. ಮೊಹರಿನಲ್ಲಿಯೂ ಅಕ್ಷರಗಳಿದ್ದುದರಿಂದ ಅಲ್ಲಿ ಉಳಿದದ್ದು ಒಂದು ಕೆಂಪು ಬೊಟ್ಟು. ತಾನು ಇಗರ್ಜಿಯ ವಿಗಾರಿ, ಅಂದರೆ ಮುಖ್ಯಗುರು, ಎಂಬುದಕ್ಕೆ ಅವರ ಬಾಯಿಮಾತಲ್ಲದೆ ಬೇರೆ ಸಾಕ್ಷ್ಯವಿರಲಿಲ್ಲ. ಜನ ಪಾಪ, ನಂಬಿದರು. ಅಂದೇ ಫಾದರ್ ಬೊನಿಫಾಸ್ ತಮ್ಮ ಪ್ರಸಂಗದಲ್ಲಿ, ಬರಹಕ್ಕಿಂತ ಅಧಿಕಾರ ಪ್ರಾಚೀನವೆಂಬ ತತ್ತ್ವವನ್ನು ಕಂಡುಕೊಂಡರು. ಅವರು ನಡುನಡುವೆ ಉದುರಿಸಿದ ಲತೀನಿನಲ್ಲಿ ವಿಭಕ್ತಿಗಳು ಕುರುಡರಂತೆ ಒಂದನ್ನೊಂದು ತಡವುತ್ತಿದ್ದವು. ರೆವರೆಂಡ್ ಎಲೀಹುವಿನ ಗ್ರೀಕು ಇದಕ್ಕಿಂತ ಮೇಲೆಂದಲ್ಲ. ವರ್ಣಮಾಲೆಯನ್ನು ಪೂರ್ತಿ ಬಲ್ಲವರಾದ್ದರಿಂದ ಅವರಿಗೆ ಆ ಭಾಷೆಯ ಬಗ್ಗೆ ಭಯವಿರಲಿಲ್ಲ, ಅಷ್ಟೆ.

ಮಾಗಿಯ ಕೊನೆಗೆ ಅಕ್ಷರಗಳು ಉದುರಿದವು. ಬಾಯಿಪಾಲಿನ ಸರದಿ ಗೊತ್ತುಮಾಡಲು ಎರಡೂ ಪಂಗಡದವರು ಚಾವಡಿಯಲ್ಲಿ ಸೇರಿದರು. ಕೆಲಸ ಪಂಚಾಂಗ ನೋಡಿದಷ್ಟು ಸುಲಭವಾಗಿ ಮುಗಿಯುವಂಥದು. ಆದರೆ ಫಾದರ್ ಬೊನಿಫಾಸ್ ಎದ್ದು ನಿಂತರು.

“ಒಂದು ಮಾತು ಇತ್ಯರ್ಥ ಆಗಲಿ. ವರ್ಷ ವರ್ಷ ಈ ಗ್ರಂಥ ಸಾಯ್ತದೆ, ವರ್ಷ ವರ್ಷ ಧರ್ಮಸಭೆ ಅದನ್ನು ಹೆರ್ತದೆ. ಮಗು ತಾಯಿಯನ್ನು ಹೆರುವುದಿಲ್ಲ. ಹೆತ್ತವಳು ಯಾರು ಅಂತ ಸಭೆಯವರು ಬಾಯಿಬಿಟ್ಟು ಒಪ್ಪಿಕೊಳ್ಳಲಿ. ಮತ್ತೆ ಓದಲಿ.”

ರೆವರೆಂಡ್ ಎಲೀಹು ಕೂತಲ್ಲಿಂದಲೇ ಹೇಳಿದರು: “ಗಂಜಿ ಬಡಿಸಿದ ಸೌಟು ತಾನೇ ಗದ್ದೆ ಉತ್ತದ್ದು ಅಂತ ಹೇಳಿದ ಹಾಗಾಯ್ತು ಫಾದರ್.”

“ಸೌಟಿಲ್ಲದೆ ಉಂಡು ತೋರಿಸಿ ನೋಡುವ.”

“ಸೌಟಿಗೆ ಊದುಬತ್ತಿ ಹಚ್ಚುವುದಕ್ಕಿಂತ ಕೈಯಲ್ಲಿ ಉಣ್ಣುವುದು ಮೇಲು.”

“ಕೈಯಲ್ಲಿ ಉಣ್ಣುವವರು ತಲೆಗೊಂದು ಪಾತ್ರೆ ಇಟ್ಟುಕೊಂಡು ಒಡೆದು ಹೋದದ್ದು ಎಲ್ಲರಿಗೂ ಗೊತ್ತುಂಟು. ಇವತ್ತು ಒಂದು ಸಭೆ, ನಾಳೆ ಎರಡು, ನಾಡಿದ್ದು ನಾಲ್ಕು.”

“ಒಂದೇ ಪಾತ್ರೆಯಲ್ಲಿ ಅಡಿ ಹಿಡಿದದ್ದನ್ನೂ ಉಣ್ಣಿ ಅಂದರೆ ನಾವು ಉಣ್ಣುವುದಿಲ್ಲ.”

ಹಿಂದಿನ ಸಾಲಿನಿಂದ ಸುಣ್ಣದ ಭಟ್ಟಿಯ ಹೆಂಗಸೊಬ್ಬಳು, “ಮಾರಾಯ್ರೇ, ನಮ್ಮ ಮನೆಯ ಗಂಜಿ ನಿಜವಾಗಿ ಆರ್ತಾ ಉಂಟು. ಬೇಗ ಮುಗಿಸಿ” ಎಂದಳು. ಅಂದಿನ ಚರ್ಚೆಯಲ್ಲಿ ಗಂಜಿಯ ಬಗ್ಗೆ ಯೋಚಿಸಿದವಳು ಅವಳೊಬ್ಬಳೇ.

ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ವಾಕ್ಯ ಯಾರ ಸ್ವತ್ತೂ ಅಲ್ಲ, ಅದನ್ನು ಹೊತ್ತವರ ತಪ್ಪನ್ನು ಅದೇ ತೋರಿಸಬೇಕು ಎಂಬುದು ಸಣ್ಣ ಮಾತಲ್ಲ. ಹೊತ್ತವರಿಲ್ಲದೆ ಅದು ನಮ್ಮ ತನಕ ಬರುತ್ತಿರಲಿಲ್ಲ, ಹೊತ್ತ ಹೆಗಲಿಗೂ ಒಂದು ಮರ್ಯಾದೆಯಿದೆ ಎಂಬುದೂ ಸಣ್ಣ ಮಾತಲ್ಲ. ಇವುಗಳಿಗಾಗಿ ನಿಜವಾದ ವಿದ್ವಾಂಸರು ಕಣ್ಣು ಕಳೆದುಕೊಂಡಿದ್ದಾರೆ, ಕೆಲವರು ತಲೆಯನ್ನೂ. ಅಂಥ ಎರಡು ಮಹಾಸತ್ಯಗಳು ನಮ್ಮ ಚಾವಡಿಗೆ ಬಂದು ಇಬ್ಬರು ಅಲ್ಪಜ್ಞರ ಕೈಯಲ್ಲಿ ಸೌಟಾಗಿ ಪರಸ್ಪರ ಬಡಿದುಕೊಂಡವು. ನಾನು ಲೇಖನಿಯ ಮೊನೆ ಒರೆಸುತ್ತ ಕುಳಿತಿದ್ದೆ.

ಕೊನೆಗೆ ಇಬ್ಬರೂ ಆಜ್ಞೆ ಹೊರಡಿಸಿದರು. ಧರ್ಮಸಭೆಯೇ ಗ್ರಂಥದ ತಾಯಿಯೆಂದು ಸಭೆಯವರು ಸಾರುವ ತನಕ ಇನಾಸರು ರೋಮಾಪುರದ ಪತ್ರವನ್ನು ಒಪ್ಪಿಸಕೂಡದು. ಇದು ಫಾದರ್ ಬೊನಿಫಾಸರದು. ಏಳು ಪುಸ್ತಕಗಳಲ್ಲಿ ಯಾವುದೂ ಇನ್ನು ಸಭೆಯ ಬಾಯಿಂದ ಹೊರಡಕೂಡದು, ಹೆಫ್ಸಿಬಾ ಟೀಚರು ತಮ್ಮ ಪಾಲನ್ನು ಮರೆತರೆ ಅದೇ ಪುಣ್ಯ. ಇದು ರೆವರೆಂಡ್ ಎಲೀಹುವಿನದು. ತಮ್ಮ ಸಿದ್ಧಾಂತಕ್ಕೆ ಬೇಕಾದ ಪುಸ್ತಕದ ಬಾಯಿಗೆ ಎದುರು ಪಂಗಡದವನು ಬೀಗ ಹಾಕಿದನೆಂಬುದು ಮನೆಗೆ ಹೋಗಿ ಉಂಡ ಮೇಲೆ ಇಬ್ಬರಿಗೂ ಹೊಳೆದಿರಬೇಕು.

ಇದರಲ್ಲಿ ನಿಜವಾಗಿ ಕಳೆದುಕೊಳ್ಳುವವರು ಇನಾಸರು. ಆಯುಷ್ಯವಿಡೀ ಸುಣ್ಣದ ಧೂಳು ಕುಡಿದು ಕ್ಲಾರಿಯೋನೆಟ್ ಊದಿದ ಅವರ ಎದೆ ಸೋತಿತ್ತು. ಮುಂದಿನ ಸಲ ಅಕ್ಷರ ಉದುರುವುದನ್ನು ಅವರು ನೋಡುವ ಭರವಸೆಯಿಲ್ಲವೆಂದು ವೈದ್ಯರು ಹೇಳಿಯಾಗಿತ್ತು. ಕಲಿತುಕೊಳ್ಳಬೇಕಾಗಿದ್ದ ಅಣ್ಣನ ಮಗ ಗಿಟಾರ್ ಹಿಡಿದು ಊರು ಬಿಟ್ಟಿದ್ದ. ಈ ವರ್ಷ ಒಪ್ಪಿಸಿದರೆ ಬರೆದದ್ದನ್ನು ನೋಡಿ ಬೇರೆ ಯಾರಾದರೂ ಕಲಿಯಬಹುದಿತ್ತು; ಒಪ್ಪಿಸದಿದ್ದರೆ ಅವರ ಮನೆಯ ಬಾಯಿಪಾಲು ಅವರೊಂದಿಗೇ ಮುಗಿಯುತ್ತಿತ್ತು.

ಒಂದು ಮಧ್ಯಾಹ್ನ ಅವರನ್ನು ನೋಡಲು ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಬೆಕ್ಕು ಕುರ್ಚಿಯಲ್ಲಿತ್ತು.

“ಬನ್ನಿ ಪಂಡಿತರೇ, ಅದನ್ನು ಸ್ವಲ್ಪ ತಳ್ಳಿ ಕೂತುಕೊಳ್ಳಿ. ಪರಚುವುದಿಲ್ಲ, ಅದು ಇಗರ್ಜಿಯದ್ದೇ.”

ಆರೋಗ್ಯ ಹೇಗಿದೆಯೆಂದು ಕೇಳಿದೆ.

“ಅದರ ಸುದ್ದಿ ಬಿಡಿ. ನನಗೆ ಒಂದೇ ಸಂಕಟ. ಅಪ್ಪ ಆ ಪತ್ರವನ್ನು ಕಲಿಸಿದ್ದು ಕ್ಲಾರಿಯೋನೆಟಿನಿಂದ ಮಂಡೆಗೆ ಬಡಿದು. ಅವರಿಗೆ ಅವರಪ್ಪ. ಅಷ್ಟು ಜನರ ಮಂಡೆ ಒಡೆದು ಬಂದದ್ದು ನನ್ನೊಟ್ಟಿಗೆ ಮಣ್ಣಿಗೆ ಹೋಗ್ಬಾರ್ದು.”

“ಫಾದರನ್ನು ಕೇಳಿದಿರಾ?”

“ಕೇಳಿದೆ. ವಿಧೇಯನಾಗಿ ಸತ್ತರೆ ಸ್ವರ್ಗ ಹತ್ತಿರ ಅಂದ್ರು. ಹತ್ತಿರ ಆದ್ರೆ ಅವರೇ ಒಂದು ಸರ್ತಿ ನಡೆದುಕೊಂಡು ಹೋಗಿ ನೋಡಿ ಬರಲಿ.” ನಕ್ಕದ್ದು ಕೆಮ್ಮಾಯಿತು. ಕೆಮ್ಮು ಮುಗಿಯುವ ಮೊದಲೇ ಗೋಡೆಯಾಚೆಯಿಂದ ಧ್ವನಿ ಬಂತು.

“ಬಾಯಿಗೆ ಬಟ್ಟೆ ಹಿಡಿಯಿರಿ ಇನಾಸರೇ, ಎಷ್ಟು ಸರ್ತಿ ಹೇಳುವುದು. ಪಂಡಿತರಿದ್ದಾರಾ ಅಲ್ಲಿ?”

“ಇದ್ದೇನೆ ಟೀಚರೇ.”

“ಒಂದು ಪ್ರಶ್ನೆ. ಪಾಲಿನ ಮನೆಯವರೇ ಒಪ್ಪಿಸಬೇಕು ಅಂತ ನಿಮ್ಮ ಕಟ್ಟಳೆಯಲ್ಲಿ ಎಲ್ಲಾದರೂ ಉಂಟಾ?”

ನಾನು ಯೋಚಿಸಿದೆ. ತಿದ್ದುವ ಹಕ್ಕು ಪಾಲಿನ ಮನೆಯವರದು. ಒಪ್ಪಿಸುವುದಕ್ಕೆ ಊರಿನ ಬಾಯಿಯಾದರೆ ಸಾಕು. ಬೇರೆಯವರಿಗೆ ಬಾರದೆ ಇರುವುದರಿಂದ ಆ ಪ್ರಶ್ನೆ ಎಂದೂ ಎದ್ದಿರಲಿಲ್ಲ. ಹಾಗೆಂದು ಹೇಳಿದೆ.

“ಸರಿ ಹಾಗಾದರೆ. ನನ್ನ ಪಾಲು ಹೇಳಬಾರದು ಅಂತ ನನಗೆ ಅಪ್ಪಣೆ. ಇನಾಸರ ಪಾಲಿನ ಸುದ್ದಿಯನ್ನು ನಮ್ಮ ಅಯ್ನೋರು ಎತ್ತಲಿಲ್ಲ. ಸಭೆಯ ಬಾಯಿ ಸಭೆಗೆ ರೋಮಾಪುರದ ಪತ್ರ ಕೊಟ್ಟರೆ ಅವರಿಗೆ ಎಂತ ನೋವು?”

ಇನಾಸರು ದಿಂಬಿನಿಂದ ಎದ್ದು ಕೂತರು. “ನಿಮಗೆಲ್ಲಿ ಬರ್ತದೆ ಟೀಚರೇ ಅದು?”

“ದಿನಾ ಬೆಳಗಾತ ಗೋಡೆ ಅದುರುವ ಹಾಗೆ ಕಿರುಚಿದರೆ ಕಲ್ಲಿಗೂ ಬರ್ತದೆ.”

“ಹಾಗೆ ನೋಡಿದ್ರೆ ನಿಮ್ಮದು ನನಗೂ ಬರ್ತದೆ. ಯುದ್ಧಕ್ಕೆ ಆನೆಗಳು ಬರುವ ಜಾಗದಲ್ಲಿ ನೀವು ಯಾವಾಗಲೂ ಸ್ವರ ತಪ್ಪುತ್ತೀರಿ.”

“ಆನೆ ಬಂದಾಗ ಸ್ವರ ನೋಡಿಕೊಳ್ಳುವುದು ಬ್ಯಾಂಡಿನವರು.”

ನಾನು ಕುರ್ಚಿಯನ್ನು ಬೆಕ್ಕಿಗೆ ಬಿಟ್ಟುಕೊಟ್ಟು ಎದ್ದೆ. ಕಟ್ಟಳೆಯಂತೆ ನಾನು ಕೇಳುವವನು.

ಒಪ್ಪಿಸುವ ದಿನ ಬ್ಯಾಂಡಿನವರು ಇನಾಸರನ್ನು ಕುರ್ಚಿಯಲ್ಲಿ ಕೂರಿಸಿ ಚಾವಡಿಗೆ ಹೊತ್ತು ತಂದರು. ರೋಮಾಪುರದ ಪತ್ರವನ್ನು ಒಪ್ಪಿಸಲು ಬಂದರೆಂದು ತಿಳಿದು ಫಾದರ್ ಬೊನಿಫಾಸ್ ಬೆರಳೆತ್ತಿದರು. ಇನಾಸರು ಕೈಮುಗಿದು, “ನಿಮ್ಮ ಅಪ್ಪಣೆ ಮೀರುವುದಿಲ್ಲ ಫಾದರ್. ನಾನು ಹೇಳುವುದು ಮಕ್ಕಬಿಯರ ಪುಸ್ತಕ” ಎಂದರು. ಬೆರಳು ಎತ್ತಿದ ಹಾಗೇ ಉಳಿಯಿತು. ಅದನ್ನು ಇಳಿಸಲು ಫಾದರಿಗೆ ಕಾರಣ ಸಿಕ್ಕಲಿಲ್ಲ, ಆಕ್ಷೇಪಿಸಲೂ ಸಿಕ್ಕಲಿಲ್ಲ. ಇಗರ್ಜಿಯ ಬಾಯಿಂದ ಇಗರ್ಜಿಗೆ ಬೇಕಾದ ಪುಸ್ತಕ. ಅವರ ಮುಖದಲ್ಲಿ ಮೆಲ್ಲಗೆ ವಿಜಯದ ಕಳೆ ಮೂಡಿತು.

ಇನಾಸರು ಶುರುಮಾಡಿದರು. ಉಸಿರು ಕಡಿಮೆಯಾದರೂ ಲಯ ಕೆಡಲಿಲ್ಲ. ಬಾಯಿ ತೆರೆದ ಮೇಲೆ ನಿಲ್ಲುವಂತಿಲ್ಲವಾದ್ದರಿಂದ ಕೆಮ್ಮನ್ನು ತಾಳದಂತೆ ನುಂಗಿಕೊಳ್ಳುತ್ತಿದ್ದರು. ಯುದ್ಧ ಬಂತು, ಸೈನಿಕರು ಮಡಿದರು, ಬದುಕುಳಿದವರು ಸತ್ತವರ ಪಾಪಗಳು ಅಳಿಯಲೆಂದು ಮೊರೆಯಿಟ್ಟರು. ಫಾದರ್ ಬೊನಿಫಾಸ್ ಸಭೆಯವರತ್ತ ಅರ್ಥಗರ್ಭಿತವಾಗಿ ನೋಡಿದರು. ಆ ನೋಟ ಇನ್ನೂ ಹಿಂತಿರುಗಿರಲಿಲ್ಲ, ಇನಾಸರು ಅದೇ ಗಾಂಭೀರ್ಯದಿಂದ, ಹೆಫ್ಸಿಬಾ ಟೀಚರ ಹಾಜರಿಯ ಧಾಟಿಯಲ್ಲಿಯೇ ಮುಂದುವರಿಸಿದರು: “ಇನಾಸರೇ, ನಿಮ್ಮ ಬೆಕ್ಕು ಮೀನಿಗೆ ಬಾಯಿ ಹಾಕಿತು, ಕರೆಯಿರಿ.” ಮತ್ತು ಮುಂದಿನ ಅಧ್ಯಾಯಕ್ಕೆ ಹೋದರು.

ನಾನು ಬರೆದೆ.

ಮುಗಿದ ಮೇಲೆ ವಾಡಿಕೆಯಂತೆ ಕೇಳಿದೆ: “ಇಗರ್ಜಿಯ ಗುರುಗಳು ತಿದ್ದುಪಡಿ ಕೇಳುತ್ತಾರೆಯೇ?” ಕೇಳಿದ್ದರೆ ಹೆಫ್ಸಿಬಾ ಟೀಚರು ಎದ್ದು, ಅದು ಗ್ರಂಥದ ಮಾತಲ್ಲ, ನನ್ನ ಮಾತು ಎನ್ನುತ್ತಿದ್ದರು, ಒಂದು ಗೆರೆ ಎಳೆದು ಮುಗಿಸುತ್ತಿದ್ದೆ. ಆದರೆ ಕೇಳುವುದೆಂದರೆ, ಗ್ರಂಥದಲ್ಲಿ ಯಾವುದು ಉಂಟು ಯಾವುದು ಇಲ್ಲ ಎಂಬುದನ್ನು ಸಭೆಯ ಹೆಂಗಸೊಬ್ಬಳು ಧರ್ಮಸಭೆಗೆ ಹೇಳಿಕೊಡುವುದು. ಫಾದರ್ ಬೊನಿಫಾಸ್ ತೊಲೆಗಳನ್ನು ನೋಡಿದರು, ಕಿಟಕಿಯನ್ನು ನೋಡಿದರು. “ಧರ್ಮಸಭೆ ಸ್ವೀಕರಿಸಿದೆ” ಎಂದರು.

ಸಭೆಯವರ ಬೆಂಚುಗಳಲ್ಲಿ ಆಗ ಎದ್ದ ನಗುವಿನಲ್ಲಿ ರೆವರೆಂಡ್ ಎಲೀಹುವಿನದೇ ದೊಡ್ಡದು. ಹೆಫ್ಸಿಬಾ ಟೀಚರು ಎದ್ದು ಬಂದು, ಶಾಲೆಯಲ್ಲಿ ನಿಲ್ಲುವಂತೆ ಬೆನ್ನಿನ ಹಿಂದೆ ಕೈಕಟ್ಟಿ, ರೋಮಾಪುರದ ಪತ್ರವನ್ನು ಆರಂಭಿಸಿದಾಗ ಆ ನಗು ಇನ್ನೂ ಅವರ ತುಟಿಯ ಮೇಲಿತ್ತು. ಟೀಚರು ತಮ್ಮ ಧಾಟಿಯಲ್ಲಿ ಹೇಳಲಿಲ್ಲ. ಅವರಿಗೆ ಅದು ದಿಬ್ಬಣದ ಲಯದಲ್ಲಿ ಮಾತ್ರ ಬರುತ್ತಿತ್ತು. ಬ್ಯಾಂಡಿನವರ ಕಾಲುಗಳು ತಾವಾಗಿಯೇ ನೆಲ ತಟ್ಟತೊಡಗಿದವು. ಸಾವಾಗಲಿ, ಬದುಕಾಗಲಿ, ಮೇಲಿನದಾಗಲಿ, ಕೆಳಗಿನದಾಗಲಿ ಯಾವುದೂ ಅಗಲಿಸಲಾರದೆಂಬ ಸ್ಥಳ ಬಂತು. ಉಸಿರು ತೆಗೆಯದೆ ಟೀಚರು ಹೇಳಿದರು: “ಟೀಚರೇ, ಹಾಲು ಉಕ್ಕಿತು, ಒಲೆ ನೋಡಿ.”

ಮೂಲೆಯ ಕುರ್ಚಿಯಲ್ಲಿ ಇನಾಸರು ಕಣ್ಣು ಮುಚ್ಚಿಕೊಂಡಿದ್ದರು. ಅವರ ಕೈಬೆರಳುಗಳು ಇಲ್ಲದ ಕ್ಲಾರಿಯೋನೆಟಿನ ಮೇಲೆ ಆಡುತ್ತಿದ್ದವು.

“ಸಭೆಯ ಬೋಧಕರು ತಿದ್ದುಪಡಿ ಕೇಳುತ್ತಾರೆಯೇ?” ಎಂದೆ. ರೆವರೆಂಡ್ ಎಲೀಹು ಎದ್ದರು. ಇನಾಸರತ್ತ ನೋಡಿದರು. ಪೋಪನ ಪ್ರಜೆಯೊಬ್ಬನು ಸತ್ಯವೇದದ ಶುದ್ಧಪಾಠವನ್ನು ನಿರ್ಣಯಿಸುವುದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡರೆಂದು ತೋರುತ್ತದೆ. ಎದ್ದದ್ದು ನಿಲುವಂಗಿಯ ಮಡಿಕೆ ಸರಿಪಡಿಸಲು ಎಂಬಂತೆ ಸರಿಪಡಿಸಿಕೊಂಡು ಕುಳಿತರು. “ಬರೆದದ್ದು ಬರೆದಾಯ್ತು” ಎಂದರು.

ಮುಂದಿನ ಭಾನುವಾರದ ಪ್ರಸಂಗಗಳನ್ನು ನಾನು ತಪ್ಪದೆ ಕೇಳಿದೆ, ಬೆಳಗ್ಗೆ ಒಂದನ್ನು, ಸಂಜೆ ಒಂದನ್ನು. ಮೀನು ಆದಿಕಾಲದಿಂದ ಕ್ರೈಸ್ತರ ಲಾಂಛನ, ಅದಕ್ಕೆ ಬಾಯಿ ಹಾಕುವ ಬೆಕ್ಕು ಪಾಷಂಡ ಮತ, ಕರೆಯಬೇಕಾದವನು ಗುರು, ಮತ್ತು ಧರ್ಮಸಭೆ ಇದನ್ನು ಸದಾಕಾಲವೂ ಹೀಗೆಯೇ ಬೋಧಿಸುತ್ತ ಬಂದಿದೆ ಎಂದು ಫಾದರ್ ಬೊನಿಫಾಸ್ ಘೋಷಿಸಿದರು. ಹಾಲು ವಾಕ್ಯದ ನಿರ್ಮಲತೆ. ಉಕ್ಕುವುದು ಮನುಷ್ಯರು ಸೇರಿಸಿದ ಸಂಪ್ರದಾಯ. ಒಲೆ ಪ್ರತಿಯೊಬ್ಬನ ಅಂತಃಸಾಕ್ಷಿ. ಇದಕ್ಕೆ ವ್ಯಾಖ್ಯಾನಕಾರರು ಬೇಕಿಲ್ಲ, ಮಗುವಿಗೂ ಅರ್ಥವಾಗುತ್ತದೆ ಎಂದು ರೆವರೆಂಡ್ ಎಲೀಹು ಒಂದೂವರೆ ಗಂಟೆ ವಿವರಿಸಿದರು.

ಪಾಂಡಿತ್ಯದ ಋಣವೊಂದಿದೆಯಲ್ಲ, ಇಬ್ಬರನ್ನೂ ಹೋಗಿ ಕಂಡೆ. “ಗ್ರೀಕಿನಲ್ಲಿ ಬೆಕ್ಕಿಲ್ಲ ಫಾದರ್” ಎಂದೆ. “ಗ್ರೀಕರಿಗಿಂತ ಧರ್ಮಸಭೆ ದೊಡ್ಡದು ಪಂಡಿತರೇ. ಪೀಠದಿಂದ ವಿವರಿಸಿ ಆಯ್ತು. ಈಗ ಇಲ್ಲ ಅಂದರೆ ಪೀಠ ತಪ್ಪಿತು ಅಂತ ಆಗ್ತದೆ” ಎಂದರು. ಸಭೆಯ ಬಂಗಲೆಗೆ ಹೋಗಿ, “ಮೂಲದಲ್ಲಿ ಹಾಲಿಲ್ಲ ಅಯ್ಯನವರೇ” ಎಂದೆ. “ಮೂಲ ಎಲ್ಲಿ ಉಂಟು, ತೋರಿಸಿ.” “ನನ್ನ ನೆನಪಿನಲ್ಲಿದೆ.” “ಹಾಗಾದರೆ ಅದು ಪರಂಪರೆ. ನಾವು ಬರಹವನ್ನು ಮಾತ್ರ ಒಪ್ಪುವುದು” ಎಂದು ಬಾಗಿಲ ತನಕ ಕಳುಹಿಸಿಕೊಟ್ಟರು. ಬೆಕ್ಕನ್ನು ಹೊರಗಟ್ಟಲು ಫಾದರಿಗೆ ಗ್ರಂಥದ ಅಧಿಕಾರ ಬೇಕಿತ್ತು, ಹಾಲನ್ನು ಇಳಿಸಲು ರೆವರೆಂಡಿಗೆ ಪರಂಪರೆಯ ಅಧಿಕಾರ ಬೇಕಿತ್ತು. ತಮ್ಮಲ್ಲಿಲ್ಲದ್ದನ್ನು ಎದುರುಮನೆಯಿಂದ ಕಡ ತರುವ ಸೌಜನ್ಯ ಇಬ್ಬರಿಗೂ ಇರಲಿಲ್ಲ. ಹೀಗೆ ಶತಮಾನಗಳ ವಾದವೊಂದು ನಮ್ಮ ಊರಿನಲ್ಲಿ ಒಂದು ಬೆಕ್ಕು ಹಾಗೂ ಒಂದು ಪಾತ್ರೆ ಹಾಲಿನಲ್ಲಿ ಬಂದು ನಿಂತಿತು.

ಇನಾಸರು ಮೊದಲ ಮಳೆಗೆ ಮುಂಚೆ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರಿಗೆ ಸಂಕಟವಿರಲಿಲ್ಲ. ಪಾಲು ಒಂದು ಬಾಯಿಯಿಂದ ಇನ್ನೊಂದು ಬಾಯಿಗೆ ದಾಟಿತ್ತು. ಯಾವ ಇಗರ್ಜಿಯ ಬಾಯಿ, ಯಾವ ಸಭೆಯ ಬಾಯಿ ಎಂದು ಅವರು ಕೇಳಲಿಲ್ಲ. ಅವರ ಬ್ಯಾಂಡೇ ಅವರ ಮುಂದೆ ನುಡಿಸುತ್ತ ಹೋಯಿತು. ಇಗರ್ಜಿಯ ಸ್ಮಶಾನದೊಳಕ್ಕೆ ಬಂದು ಸತ್ತವರ ಪ್ರಾರ್ಥನೆಯಲ್ಲಿ ಸೇರಕೂಡದೆಂದು ಹೆಫ್ಸಿಬಾ ಟೀಚರಿಗೆ ಅಪ್ಪಣೆಯಾಗಿತ್ತು. ಅವರು ಗೇಟಿನ ಹೊರಗೆ ಕೊಡೆ ಬಿಡಿಸಿ ನಿಂತಿದ್ದರು. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ. ವಾಪಸು ಹೋಗುವಾಗ ಇನಾಸರ ಜಗಲಿಯಿಂದ ಬೆಕ್ಕನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡು ಹೋದರು.

ಮರುವರ್ಷ ಅಕ್ಷರಗಳು ಉದುರಿದ ಸಂಜೆ ನಾನು ಟೀಚರ ಜಗಲಿಯಲ್ಲಿ ಸರದಿಯ ವಿಚಾರ ಮಾತಾಡುತ್ತ ಕೂತಿದ್ದಾಗ ರೆವರೆಂಡ್ ಎಲೀಹು ಬಂದರು. ಬಹಳ ಮೃದುವಾಗಿದ್ದರು. ಚಹಾ ಕುಡಿದರು, ಬೆಕ್ಕಿನ ತಲೆ ಸವರಿದರು.

“ಟೀಚರೇ, ಈ ಸರ್ತಿ ಆ ಒಂದು ಸಣ್ಣ ವಾಕ್ಯ, ಆ ಒಲೆಯದ್ದು, ಅದನ್ನು ಬಿಟ್ಟು ಹೇಳಬಹುದಾ? ಯಾರಿಗೂ ಗೊತ್ತಾಗುವುದಿಲ್ಲ.”

ಟೀಚರು ಕನ್ನಡಕದ ಮೇಲಿನಿಂದ ನೋಡಿದರು. ಲೆಕ್ಕ ತಪ್ಪಿದ ಹುಡುಗರನ್ನು ಅವರು ನೋಡುತ್ತಿದ್ದ ರೀತಿ ಅದು. “ಬರೆದದ್ದಕ್ಕೆ ಸೇರಿಸಲೂ ಬಾರದು, ತೆಗೆಯಲೂ ಬಾರದು ಅಂತ ನೀವೇ ಅಲ್ವಾ ಅಯ್ನೋರೆ ಹೇಳಿದ್ದು? ಅದರ ಮೇಲೆ ಒಂದೂವರೆ ಗಂಟೆ ಪ್ರಸಂಗವೂ ಆಯ್ತು. ನಾನು ಬಿಟ್ಟುಬಿಟ್ಟರೆ ನಿಮ್ಮ ಪ್ರಸಂಗಕ್ಕೆ ಆಧಾರ ಎಂತ?”

“ಅಲ್ಲ, ಅದು...”

“ಮತ್ತೆ ಇನ್ನೊಂದು. ರೋಮಾಪುರದ ಪತ್ರ ಬೇಕಾದರೆ ನನ್ನ ಪಾಲನ್ನೂ ನಾನು ಹೇಳುತ್ತೇನೆ. ಏಳು ಪುಸ್ತಕವನ್ನು ನೀವು ಹೊಲಿಗೆ ಬಿಚ್ಚಿ ಹೊರಗಿಡಿ, ಅದು ನಿಮ್ಮಿಷ್ಟ. ಬಾಯಿ ನನ್ನದು.”

ರೆವರೆಂಡ್ ಎಲೀಹು ಎದ್ದು ಹೋದರು. ಅವರು ಗೇಟು ದಾಟುವ ಮೊದಲೇ ಫಾದರ್ ಬೊನಿಫಾಸರ ಆಳು ಬಂದ. ಮಕ್ಕಬಿಯರನ್ನು ಟೀಚರು ಒಪ್ಪಿಸುವುದಾದರೆ ಬೆಕ್ಕನ್ನು ಮರೆಯಬಾರದು, ಅದರ ಕುರಿತು ಪೀಠದ ಬೋಧನೆ ಈಗಾಗಲೇ ಇದೆ ಎಂದು ಫಾದರ್ ಹೇಳಿಕಳಿಸಿದ್ದರು. ಟೀಚರು ಬೆಕ್ಕನ್ನು ಎತ್ತಿ ಅವನಿಗೆ ತೋರಿಸಿ, “ಮರೆಯುವುದಿಲ್ಲ ಅಂತ ಹೇಳು” ಎಂದರು.

ಆ ವರ್ಷದ ಚಾವಡಿಯಲ್ಲಿ ಟೀಚರು ಎರಡನ್ನೂ ಒಪ್ಪಿಸಿ ಈಗ ಕೆಲಕಾಲವಾಯಿತು. ಇಬ್ಬರು ಗುರುಗಳೂ ಇನ್ನೂ ಇಲ್ಲಿಯೇ ಇದ್ದಾರೆ. ಒಬ್ಬರು ಬೆಕ್ಕಿನ ಮೇಲೆ, ಇನ್ನೊಬ್ಬರು ಹಾಲಿನ ಮೇಲೆ ದೊಡ್ಡ ಪ್ರಬಂಧಗಳನ್ನು ಬರೆಯುತ್ತಿದ್ದಾರೆಂದು ಕೇಳಿದ್ದೇನೆ. ಉದುರುವ ದಿನ ಬದನೆಗಿಡಗಳಿಗೆ ಒಳ್ಳೆಯ ಗೊಬ್ಬರವಾಗುತ್ತದೆ.

ನಾನು ಎಂದಿನಂತೆ ಮುಂಜಾನೆ ಪೂಜೆಗೆ ಹೋಗುತ್ತೇನೆ. ಈಗ ಒಂದೇ ಧ್ವನಿ ಕೇಳಿಸುತ್ತದೆ. ಹೆಫ್ಸಿಬಾ ಟೀಚರು ಹಾಜರಿಯ ಧಾಟಿಯಲ್ಲಿ ತಮ್ಮ ಪಾಲನ್ನು ಮುಗಿಸಿ, ದಿಬ್ಬಣದ ಲಯದಲ್ಲಿ ಇನಾಸರದನ್ನು ಹೇಳುತ್ತಾರೆ. ಮೊನ್ನೆ ಅವರ ಬಾಗಿಲು ತೆರೆದಿತ್ತು. ಸತ್ತವರಿಗಾಗಿ ಬದುಕುಳಿದವರು ಮೊರೆಯಿಡುವ ಸ್ಥಳಕ್ಕೆ ಬಂದಾಗ ಅವರು ಎರಡು ಸಲ ಹೇಳಿದರು. ಹಿಂದೆ ಒಂದೇ ಸಲ ಹೇಳುತ್ತಿದ್ದರು. ಬೆಕ್ಕನ್ನು ಕರೆಯಲು ಇನಾಸರಿಗೆ ಹೇಳಿದರು. ಆಮೇಲೆ ಅಪೊಸ್ತಲನ ಪತ್ರ. ಅಗಲಿಸಲಾರದವುಗಳೆಲ್ಲ ಒಂದೊಂದಾಗಿ ಬಂದವು. “ಟೀಚರೇ, ಹಾಲು ಉಕ್ಕಿತು, ಒಲೆ ನೋಡಿ” ಎಂದು ತಮಗೆ ತಾವೇ, ಇನಾಸರ ಧ್ವನಿಯಲ್ಲಿ, ಹೇಳಿಕೊಂಡು ನಡುಗೋಡೆಯತ್ತ ಮುಖಮಾಡಿ ಸ್ವಲ್ಪ ಹೊತ್ತು ನಿಂತರು. ಅನಂತರ ಸೆರಗಿನಿಂದ ಹಿಡಿದು ಪಾತ್ರೆಯನ್ನು ಇಳಿಸಿದರು. ಹಾಲು ಇನ್ನೂ ಉಕ್ಕಿರಲಿಲ್ಲ.

ತಿರುಗಿದಾಗ ಹೊಸ್ತಿಲಲ್ಲಿ ನಿಂತಿದ್ದ ನನ್ನನ್ನು ಕಂಡರು.

“ಸತ್ತವರಿಗಾಗಿ ಪ್ರಾರ್ಥಿಸುವುದು ನಿಮ್ಮ ಸಭೆಯಲ್ಲಿ ನಿಷಿದ್ಧವಲ್ಲವೇ ಟೀಚರೇ?” ಎಂದೆ.

“ಪ್ರಾರ್ಥನೆ ಯಾರು ಮಾಡಿದ್ದು ಪಂಡಿತರೇ?” ಎಂದರು. “ನಾನು ಒಲೆ ನೋಡಿದೆ.”